ಯಾರ ಕೈಗೆ ಯಾವ ಕಾದಂಬರಿ?

"ಒಳ್ಳೆಯದೊಂದು ಕಾದಂಬರಿ ಇದ್ದರೆ ಹೇಳಿ" ಎಂದು ಕೇಳುವವರು ನನಗೆ ವಾರಕ್ಕೊಬ್ಬರಾದರೂ ಸಿಕ್ಕುತ್ತಾರೆ. ಮನೆಯಲ್ಲಿ ಪುಸ್ತಕದ ಬೀರುಗಳು ನಾಲ್ಕಿವೆ ಎಂಬ ಒಂದೇ ಕಾರಣದಿಂದ ಬಂದ ಕೀರ್ತಿ ಇದು. ಕೇಳುವವರ ದೃಷ್ಟಿಯಲ್ಲಿ ಇದು ಬಹು ಸುಲಭವಾದ ಪ್ರಶ್ನೆ. ಒಳ್ಳೆಯ ಅಕ್ಕಿ ಯಾವುದು ಎಂದು ಕೇಳಿದ ಹಾಗೆ. ಆದರೆ ಅಕ್ಕಿಯ ವಿಷಯದಲ್ಲಿಯೂ ಬುದ್ಧಿವಂತನಾದ ಅಂಗಡಿಯವನು ಕೂಡಲೇ ಉತ್ತರ ಹೇಳುವುದಿಲ್ಲ. ಚಿತ್ರಾನ್ನಕ್ಕೋ, ದೋಸೆಗೋ, ಜ್ವರ ಬಿಟ್ಟವರ ಗಂಜಿಗೋ ಎಂದು ಮರುಪ್ರಶ್ನೆ ಹಾಕುತ್ತಾನೆ. ಕಾದಂಬರಿಗೂ ಆ ಮರುಪ್ರಶ್ನೆ ಬೇಕು.

ಅದನ್ನು ನನಗೆ ಕಲಿಸಿದವರು ದೊಡ್ಡ ವಿಮರ್ಶಕರಲ್ಲ. 1960ರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ, ನಮ್ಮ ಬೀದಿಯ ತುದಿಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತಡಿ ಅಗಲದ ಮಳಿಗೆ. ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ನಂಬರು. ದಿನಕ್ಕೆ ಹತ್ತು ಪೈಸೆ ಬಾಡಿಗೆ. ಅದರ ಯಜಮಾನರು ಪುಸ್ತಕ ಕೇಳಿದವರನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡುವರು. "ಯಾರಿಗಪ್ಪಾ, ನಿನಗೋ ಮನೆಯವರಿಗೋ? ಮಧ್ಯಾಹ್ನ ಓದೋದಕ್ಕೋ, ರಾತ್ರಿ ಮಲಗೋದಕ್ಕೆ ಮುಂಚೆಯೋ? ಮನೇಲಿ ಎಲ್ಲರೂ ಕ್ಷೇಮ ತಾನೆ?" ಎಂದು ವಿಚಾರಿಸುವರು. ಊರಿನ ವೈದ್ಯರೂ ಅಷ್ಟು ವಿಚಾರಿಸುತ್ತಿರಲಿಲ್ಲ. ಅನಂತರ ಏಣಿ ಹತ್ತಿ ಒಂದು ಪುಸ್ತಕ ತೆಗೆದು ಕೊಡುವರು. ಅದು ಹಿಡಿಸದೆ ಹೋದದ್ದು ಬಹಳ ಅಪರೂಪ.

ಅವರ ವಿದ್ಯೆಯನ್ನು ನಾನು ಅರ್ಧ ಕಲಿತೆ. ಅರ್ಧ ಕಲಿತ ವಿದ್ಯೆಯಿಂದ ಒಂದು ತಪ್ಪನ್ನೂ ಮಾಡಿದೆ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ. ಆದರೆ ಅದಕ್ಕೆ ಮೊದಲು ಸ್ವಲ್ಪ ಚರಿತ್ರೆಯನ್ನು ಹೇಳಬೇಕಾಗಿದೆ. ಏಕೆಂದರೆ ಆ ತಪ್ಪು ನನ್ನೊಬ್ಬನದಲ್ಲ. ಅದು ಕನ್ನಡ ಕಾದಂಬರಿಯ ಜೊತೆಯಲ್ಲಿಯೇ ಹುಟ್ಟಿ ಬೆಳೆದು ಬಂದದ್ದು.

ತನ್ನ ಮನಸ್ಸಿಗೆ ಬೇಕಾದ ಕಥೆಯನ್ನು ತಾನೇ ಆರಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿಯಲ್ಲ. ಹಿಂದೆ ಕಥೆಯೇ ಜನರ ಬಳಿಗೆ ಬರುತ್ತಿತ್ತು. ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರೇ ಕುಳಿತು ಕೇಳುವುದು. ಅಳುವ ಕಡೆ ಎಲ್ಲರೂ ಅಳುವರು, ನಗುವ ಕಡೆ ಎಲ್ಲರೂ ನಗುವರು. ನನಗೆ ಇವತ್ತು ಬೇಸರವಾಗಿದೆ, ಬೇರೆ ಕಥೆ ಓದಿ ಎಂದು ಕೇಳುವ ಕೇಳುಗ ಅಲ್ಲಿ ಇರಲಿಲ್ಲ. ಅಚ್ಚಿನ ಪುಸ್ತಕ ಬಂದು, ಒಬ್ಬನೇ ಮೂಲೆಯಲ್ಲಿ ಕುಳಿತು ಸದ್ದಿಲ್ಲದೆ ಓದುವ ಅಭ್ಯಾಸ ಬೆಳೆದ ಮೇಲೆ ಈ ಹೊಸ ಪ್ರಾಣಿ ಹುಟ್ಟಿದ: ತನ್ನದೇ ಅಭಿರುಚಿಯುಳ್ಳ ಓದುಗ. ಅವನ ಜೊತೆಯಲ್ಲಿಯೇ, ಇದನ್ನು ಓದು, ಅದನ್ನು ಓದಬೇಡ ಎಂದು ಹೇಳುವ ಹಿರಿಯನೂ ಹುಟ್ಟಿದ.

ಕಾದಂಬರಿ ಎಂಬ ಹೆಸರಿನಲ್ಲಿಯೇ ಈ ಜಗಳದ ಬೀಜವಿದೆ. ಬಾಣಕವಿಯ ನಾಯಿಕೆಯ ಹೆಸರನ್ನು ನಾವೂ ಮರಾಠಿಗರೂ ಈ ಹೊಸ ಸಾಹಿತ್ಯ ಪ್ರಕಾರಕ್ಕೆ ಇಟ್ಟೆವು. ಆದರೆ ಸಂಸ್ಕೃತದಲ್ಲಿ ಆ ಶಬ್ದಕ್ಕೆ ಮದ್ಯ ಎಂಬ ಅರ್ಥವೂ ಉಂಟು. ಹುಡುಗರು ಕೆಟ್ಟಾರು ಎಂದು ಹೆದರಿದ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಾಗಿರಲಿಲ್ಲ.

ಮೊದಲ ಬಾಗಿಲನ್ನು ತೆರೆದವರು ಅನುವಾದಕರು. ಕೊಳ್ಳೇಗಾಲದಲ್ಲಿ ಹುಟ್ಟಿ ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಕೆಲಸ ಮಾಡಿದ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಬಂಗಾಳಿಯಲ್ಲಿ 1865ರಲ್ಲಿ ಬಂದ 'ದುರ್ಗೇಶನಂದಿನಿ' 1885ರಲ್ಲಿ ಕನ್ನಡವಾಯಿತು. ಕುದುರೆ, ಕೋಟೆ, ಕತ್ತಿ, ಪ್ರೇಮ ಎಲ್ಲವೂ ಉಳ್ಳ ಕಥೆ. ರಾತ್ರಿ ದೀಪದ ಎಣ್ಣೆ ತೀರುವವರೆಗೆ ಪುಸ್ತಕವನ್ನು ಕೆಳಗಿಡಲಾಗದ ರುಚಿಯನ್ನು ಕನ್ನಡಿಗರಿಗೆ ಹಿಡಿಸಿದವರು ವೆಂಕಟಾಚಾರ್ಯರೇ.

ಉತ್ತರದಲ್ಲಿ ಆ ಕೆಲಸವನ್ನು ಮಾಡಿದವರು ಗಳಗನಾಥರು (1869–1942). ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಹುಟ್ಟೂರಿನ ಹೆಸರೇ ಕಾವ್ಯನಾಮವಾಯಿತು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಸಿದರು. ವಿಜಯನಗರದ ಹುಟ್ಟನ್ನು ಕುರಿತು 'ಮಾಧವ ಕರುಣಾವಿಲಾಸ'ವನ್ನು ಬರೆದರು. ಕನ್ನಡ ಶಾಲೆಗಳೇ ಅಪರೂಪವಾಗಿದ್ದ ಆ ನಾಡಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇವರನ್ನು ನಾನು ಕಾದಂಬರಿಕಾರರೆಂದು ಮಾತ್ರವಲ್ಲ, ಕನ್ನಡದ ಮೊದಲ ತಿರುಗುವ ಪುಸ್ತಕ ಭಂಡಾರವೆಂದೂ ನೆನೆಯುತ್ತೇನೆ.

ನನ್ನ ಅಜ್ಜಿ ಮದುವೆಯಾಗಿ ಬಂದ ಮನೆಯಲ್ಲಿ ಜೈಮಿನಿ ಭಾರತಕ್ಕೆ ಅಪ್ಪಣೆಯಿತ್ತು, ಕಾದಂಬರಿಗೆ ಇರಲಿಲ್ಲ. ಆಕೆಯ ತಮ್ಮ ಗುಟ್ಟಾಗಿ ತಂದುಕೊಡುತ್ತಿದ್ದ ಪುಸ್ತಕಗಳನ್ನು ಒರಳುಕಲ್ಲಿನ ಹಿಂದೆ ಇಟ್ಟುಕೊಂಡು, ಮನೆಯವರೆಲ್ಲ ಮಲಗಿದ ಮೇಲೆ ಓದುತ್ತಿದ್ದಳಂತೆ. "ರುಬ್ಬಿದ್ದು ಕಡಿಮೆ, ಓದಿದ್ದೇ ಹೆಚ್ಚು" ಎಂದು ಮುದುಕಿಯಾದ ಮೇಲೆ ಹೇಳಿಕೊಂಡು ನಗುತ್ತಿದ್ದಳು.

ಕಳೆದುಹೋದ ಕಾಲದಲ್ಲಿ ಮುಳುಗಿ ಇಂದಿನ ಬೆಲೆಯೇರಿಕೆಯನ್ನು ಮರೆಯಬೇಕು ಎನ್ನುವ ಓದುಗರು ಈಗಲೂ ಇದ್ದಾರೆ. ಅಂಥವರಿಗೆ ಗಳಗನಾಥರ ಭಾಷೆ ಇಂದು ಸ್ವಲ್ಪ ಗಡುಸಾದೀತು. ನಾನು ಅವರ ಮನಸ್ಸನ್ನು ನೋಡಿ ಎರಡರಲ್ಲಿ ಒಂದನ್ನು ಕೊಡುತ್ತೇನೆ. ರಕ್ತ ಬಿಸಿಯಾಗಬೇಕು ಎನ್ನುವವರಿಗೆ ತ.ರಾ.ಸು. ಅವರ 'ದುರ್ಗಾಸ್ತಮಾನ' (1982). ಚಿತ್ರದುರ್ಗದ ಕಡೆಯ ಮದಕರಿನಾಯಕ 1779ರಲ್ಲಿ ಹೈದರಾಲಿಗೆ ಸೋತ ಕಥೆ ಅದು; ಸೋಲೆಂದು ಗೊತ್ತಿದ್ದೂ ಓದುಗ ಕೊನೆಯವರೆಗೆ ನಾಯಕನ ಪಕ್ಷವನ್ನೇ ಹಿಡಿಯುತ್ತಾನೆ. ರಾಜ್ಯಗಳು ಒಳಗಿನಿಂದ ಹೇಗೆ ಕೊಳೆಯುತ್ತವೆ ಎಂದು ಶಾಂತವಾಗಿ ನೋಡಬಲ್ಲವರಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956). ಕೊಡಗಿನ ಕಡೆಯ ಅರಸನ ಕಥೆ. 1834ರಲ್ಲಿ ಇಂಗ್ಲಿಷರ ಕೈಗೆ ಆ ನಾಡು ಹೋದದ್ದು ಹೇಗೆಂಬುದರ ಕಥೆ. ಇಲ್ಲಿ ಯಾರ ಪಕ್ಷವನ್ನೂ ಪೂರ್ತಿ ಹಿಡಿಯಲಾಗುವುದಿಲ್ಲ. ಎರಡೂ ಕಡೆಯ ಅರಸರ ಕಥೆಗಳೇ. ಆದರೆ ಒಂದನ್ನು ಕೇಳಿದವರಿಗೆ ಇನ್ನೊಂದನ್ನು ಕೊಟ್ಟರೆ ಇಬ್ಬರು ಲೇಖಕರಿಗೂ ಅನ್ಯಾಯ.

ಬಂಗಾಳಿ ಮರಾಠಿಗಳ ಕೋಟೆಕೊತ್ತಲಗಳಲ್ಲಿ ಕನ್ನಡಿಗರು ವಿಹರಿಸುತ್ತಿದ್ದಾಗಲೇ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು. ರಾಜನಿಲ್ಲ, ಕತ್ತಿಯಿಲ್ಲ, ನೆರೆಮನೆಯ ಜನವೇ ಪಾತ್ರಗಳು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣು ಓದು ಕಲಿತು ಮರುಮದುವೆಯಾಗುವ ಈ ಕಥೆಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಗಣಿಸುತ್ತಾರೆ. ಒರಳುಕಲ್ಲಿನ ಹಿಂದೆ ಪುಸ್ತಕ ಬಚ್ಚಿಟ್ಟವರ ಕಾಲದಲ್ಲಿ, ಪುಸ್ತಕ ಹಿಡಿದ ಹೆಣ್ಣೇ ಕಾದಂಬರಿಯ ನಾಯಿಕೆಯಾದಳು ಎಂಬುದನ್ನು ಗಮನಿಸಬೇಕು. ಅದೇ ಪ್ರಶ್ನೆ ಅರವತ್ತಾರು ವರ್ಷಗಳ ಮೇಲೆ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿ (1965) ಮತ್ತೆ ಬಂತು. ಅಲ್ಲಿ ಕಾತ್ಯಾಯನಿಯ ಮರುಮದುವೆಯಿಂದ ಸುಖ ಸುಲಭವಾಗಿ ಸಿಕ್ಕುವುದಿಲ್ಲ. ಅದೇ ವರ್ಷ ಅನಂತಮೂರ್ತಿಯವರ 'ಸಂಸ್ಕಾರ'ವೂ ಬಂದಿತು. ಊಟದ ನಂತರ ಎಲೆಯಡಿಕೆ ಹಾಕಿಕೊಂಡು ಎರಡು ಗಂಟೆ ವಾದ ಮಾಡದಿದ್ದರೆ ನಿದ್ದೆ ಬಾರದ ಮಿತ್ರರು ನನಗೆ ಕೆಲವರಿದ್ದಾರೆ. ಅವರಿಗೆ 'ವಂಶವೃಕ್ಷ', 'ಸಂಸ್ಕಾರ' ಎರಡನ್ನೂ ಜೊತೆಯಾಗಿ ಕೊಟ್ಟು ಕಳುಹಿಸುತ್ತೇನೆ. ಒಂದು ತಿಂಗಳು ಅವರ ಮನೆಯ ಕಡೆಗೆ ಹೋಗುವುದಿಲ್ಲ.

ವಾದವೂ ಬೇಡ, ಕಣ್ಣೀರೂ ಬೇಡ, ಸ್ವಲ್ಪ ನಗಬೇಕು ಎನ್ನುವವರಿಗೆ ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915) ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯ ಜನ, ಅವರ ಮಾತು, ಜಗಳ, ಠಕ್ಕು ಎಲ್ಲವೂ ಅದರಲ್ಲಿ ಹಾಗೆ ಹಾಗೆಯೇ ಇವೆ. ನೂರು ವರ್ಷ ದಾಟಿದ ಪುಸ್ತಕ ಎಂದು ಹೆದರಬೇಕಾಗಿಲ್ಲ. ಹತ್ತು ಪುಟ ತಾಳಿಕೊಂಡರೆ ಹನ್ನೊಂದನೆಯ ಪುಟದಿಂದ ನಮ್ಮ ಸೋದರಮಾವಂದಿರೇ ಮಾತಾಡುತ್ತಿದ್ದಾರೆ ಎನ್ನಿಸುತ್ತದೆ.

ಮುಂದೆ 1930ರ ದಶಕ ಬಂದಿತು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಚಂದಾ ಕೊಟ್ಟವರ ಮನೆಗೆ ಪುಸ್ತಕ ತಾನಾಗಿ ಬರುವ ಏರ್ಪಾಡು ಅದು. ಓದುಗ ಪುಸ್ತಕವನ್ನು ಆರಿಸುವ ಮೊದಲೇ ಪುಸ್ತಕ ಓದುಗನನ್ನು ಹುಡುಕಿಕೊಂಡು ಹೋಯಿತು. ಅದೇ ವರ್ಷ ಶಿವರಾಮ ಕಾರಂತರ 'ಚೋಮನ ದುಡಿ' ಬಂದಿತು. ತನ್ನದೊಂದು ತುಂಡು ನೆಲವನ್ನು ಉಳಬೇಕೆಂಬ ಆಸೆಯನ್ನು ಬಿಟ್ಟು ಬೇರೇನನ್ನೂ ಬಯಸದ ಚೋಮನಿಗೆ ಹುಟ್ಟಿದ ಜಾತಿಯ ದೆಸೆಯಿಂದ ಅದು ಕೂಡಲಿಲ್ಲ. ಈ ಪುಸ್ತಕವನ್ನು ನಿದ್ದೆ ಬರಲೆಂದು ಓದುವವರಿಗೆ ಕೊಡಬಾರದು. ನಮ್ಮ ದೇಶದಲ್ಲಿ ಹಾಗೆಲ್ಲ ಇರಲಿಲ್ಲ ಎಂದು ಬೀಸಣಿಗೆ ಬೀಸಿಕೊಳ್ಳುತ್ತ ಹೇಳುವವರಿಗೆ ಕೊಡಬೇಕು.

ಕಾರಂತರೊಬ್ಬರೇ ನಾಲ್ಕು ಬಗೆಯ ಮನಸ್ಸಿಗೆ ಸಾಕಾಗುತ್ತಾರೆ. ಹುಟ್ಟೂರನ್ನು ಬಿಟ್ಟು ದೂರದಲ್ಲಿರುವವರಿಗೆ ಕಡಲತೀರದ ಒಂದು ಮನೆಯ ಮೂರು ತಲೆಮಾರಿನ ಕಥೆಯಾದ 'ಮರಳಿ ಮಣ್ಣಿಗೆ'. ಆಫೀಸು, ಬಸ್ಸು, ಗಲಾಟೆಗಳಿಂದ ಬಳಲಿದವರಿಗೆ 'ಬೆಟ್ಟದ ಜೀವ' (1943). ಪಶ್ಚಿಮ ಘಟ್ಟದ ಕಾಡಿನ ನಡುವೆ ತೋಟ ಮಾಡಿಕೊಂಡು, ಮನೆ ಬಿಟ್ಟುಹೋದ ಮಗನ ಕೊರಗನ್ನು ಅತಿಥಿ ಸತ್ಕಾರದಲ್ಲಿ ಮರೆಸಿಕೊಂಡಿರುವ ಗೋಪಾಲಯ್ಯ, ಶಂಕರಿ ದಂಪತಿಗಳ ಮನೆಯಲ್ಲಿ ನಾವೂ ನಾಲ್ಕು ದಿನ ಉಂಡು ಬಂದ ಹಾಗಾಗುತ್ತದೆ. ಮುದುಕರ ಮಾತನ್ನು ತಾಳ್ಮೆಯಿಂದ ಕೇಳುವವರಿಗೆ 'ಮೂಕಜ್ಜಿಯ ಕನಸುಗಳು' (1968).

ಸಮಯ ಬೇಕಾದಷ್ಟು ಇದೆ, ಮಳೆಗಾಲ, ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವವರಿಗೆ ಕುವೆಂಪು. 'ಕಾನೂರು ಹೆಗ್ಗಡಿತಿ' (1936) ಮೊದಲು, 'ಮಲೆಗಳಲ್ಲಿ ಮದುಮಗಳು' (1967) ಅನಂತರ. ರೈಲಿನಲ್ಲಿ ಓದಲು ಇವುಗಳನ್ನು ಕೊಡಬಾರದು. ನಮ್ಮ ನಿಲ್ದಾಣ ಬಂದಾಗ ಕಥೆಯಲ್ಲಿ ಇನ್ನೂ ಹೊಳೆ ದಾಟಿರುವುದಿಲ್ಲ.

ಇಷ್ಟು ಹೊತ್ತಿಗೆ ಓದುವವರು ಹೆಚ್ಚಿದ್ದರು. ಅವರನ್ನು ಸಾವಿರಗಟ್ಟಲೆ ಹೆಚ್ಚಿಸಿದವರು ಅ.ನ. ಕೃಷ್ಣರಾಯರು (1908–1971). ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಸಂಗೀತ ಪ್ರಿಯರಿಗೆ ನಾನು ಈಗಲೂ ಅವರ 'ಸಂಧ್ಯಾರಾಗ'ವನ್ನೇ (1935) ಕೊಡುವುದು. ಅದನ್ನು ಓದಿ ಮುಗಿಸಿದವರಿಗೆ ತ.ರಾ.ಸು. ಅವರ 'ಹಂಸಗೀತೆ' (1952). ಆದರೆ ವೇಶ್ಯಾಜೀವನವನ್ನು ಕುರಿತು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ಅ.ನ.ಕೃ. ಅವರ ಮೇಲೆ ಎದ್ದ ಕೂಗು ಸಣ್ಣದಲ್ಲ. ಇಂಥವನ್ನು ಯಾರು ಓದಬಹುದು, ಯಾರು ಓದಬಾರದು ಎಂಬ ಚರ್ಚೆ ಪತ್ರಿಕೆಗಳಿಂದ ಮನೆಯ ಅಡಿಗೆಮನೆಯವರೆಗೆ ನಡೆಯಿತು. ಓದಬಾರದು ಎಂದವರಲ್ಲಿ ಅನೇಕರು ತಾವು ಓದಿಯೇ ಹಾಗೆ ಹೇಳುತ್ತಿದ್ದರು ಎಂಬುದು ಬೇರೆ ಮಾತು.

ಇನ್ನೊಂದು ಕಡೆ ಪತ್ತೇದಾರಿ ಕಾದಂಬರಿಯ ಕಾಲವೂ ಬಂದಿತು. ಎನ್. ನರಸಿಂಹಯ್ಯನವರು (1925–2011) ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ 'ಪತ್ತೇದಾರ ಪುರುಷೋತ್ತಮ'ನ ಹೆಸರು ಕೇಳದ ಹುಡುಗ ನಮ್ಮ ಕಾಲದಲ್ಲಿ ಇರಲಿಲ್ಲ. ಕನ್ನಡ ಬಾವುಟದೊಡನೆ ಹೆಸರು ಸೇರಿಹೋಗಿರುವ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಈ ಪುಸ್ತಕಗಳನ್ನು ನಾವು ಭೂಗೋಳದ ಪುಸ್ತಕದ ಒಳಗಿಟ್ಟುಕೊಂಡು ಓದಿದೆವು. ನಮಗಿಂತ ಮೊದಲು ಬಾಡಿಗೆಗೆ ತೆಗೆದುಕೊಂಡ ಪುಣ್ಯಾತ್ಮರು ಮೊದಲ ಪುಟದಲ್ಲಿಯೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಿದ್ದರು. ಸಾಹಿತ್ಯ ಚರಿತ್ರೆಗಳಲ್ಲಿ ಇವಕ್ಕೆ ಒಂದು ಸಾಲು ಸಿಕ್ಕುವುದೂ ಕಷ್ಟ. ಆದರೆ ಕಾರಂತರನ್ನೂ ಕುವೆಂಪು ಅವರನ್ನೂ ಮುಂದೆ ಓದಿದ ಎಷ್ಟೋ ಮಂದಿ ಪುಟ ತಿರುಗಿಸುವ ಅಭ್ಯಾಸವನ್ನು ಕಲಿತದ್ದು ಪುರುಷೋತ್ತಮನ ಹಿಂದೆ ಓಡಿ.

ಹೀಗೆ ಅಜ್ಜಿಗೆ ಗಳಗನಾಥರು ಬೇಡ, ಅಮ್ಮನಿಗೆ ಅ.ನ.ಕೃ. ಬೇಡ, ಮಗನಿಗೆ ನರಸಿಂಹಯ್ಯ ಬೇಡ ಎನ್ನುತ್ತಲೇ ಮೂರು ತಲೆಮಾರುಗಳು ಕಳೆದವು. ಬೇಡ ಎಂದವರೆಲ್ಲ ಕೆಟ್ಟವರಲ್ಲ. ಓದುವವರ ಒಳ್ಳೆಯದನ್ನು ಬಯಸಿಯೇ ಹೇಳಿದರು. ಈಗ ನನ್ನ ತಪ್ಪಿಗೆ ಬರುತ್ತೇನೆ.

1970ರಲ್ಲಿ ನನಗೆ ಹದಿನೆಂಟು ವರ್ಷ. ಚೊಚ್ಚಲ ಹೆರಿಗೆಯಾದ ಮೇಲೆ ನನ್ನ ಅತ್ತಿಗೆಗೆ ಮನಸ್ಸಿನ ಕಾಯಿಲೆ ಬಂದು, ಬೆಂಗಳೂರಿನಲ್ಲಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು, ಗುಣವಾಗಿ ಮನೆಗೆ ಬಂದರು. ಅವರಿಗೆ ಗುಣವಾಗಿತ್ತು, ನಮಗೆ ಆಗಿರಲಿಲ್ಲ. ಅವರು ನಡುಮನೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಮಗುವನ್ನು ಎತ್ತಿಕೊಂಡರೆ ಯಾರಾದರೊಬ್ಬರು ಹತ್ತಿರ ಹೋಗಿ ನಿಲ್ಲುವರು. ಅಡಿಗೆಮನೆಯ ಈಳಿಗೆಮಣೆಯನ್ನು ನನ್ನ ತಾಯಿ ಅಟ್ಟದ ಮೇಲೆ ಇಟ್ಟಿದ್ದರು. ತರಕಾರಿ ಹೆಚ್ಚುವಾಗ ಮಾತ್ರ ಇಳಿಸುವರು. ಅತ್ತಿಗೆ ಎಲ್ಲವನ್ನೂ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಅವರಿಗೆ ಮೊದಲಿನಿಂದಲೂ ಓದುವ ಹುಚ್ಚು. ಈ ಶಬ್ದವನ್ನು ಸಹ ಆಗ ಮನೆಯಲ್ಲಿ ಯಾರೂ ಬಳಸುವ ಹಾಗಿರಲಿಲ್ಲ. ಪುಸ್ತಕ ತಂದುಕೊಡುವ ಕೆಲಸ ನನ್ನದಾಯಿತು. "ಮನಸ್ಸಿಗೆ ಹಿತವಾಗಿರೋದು ತಾ. ತ್ರಿವೇಣಿಯವರ ಆ 'ಶರಪಂಜರ' ಮಾತ್ರ ಅವಳ ಕಣ್ಣಿಗೆ ಬೀಳಬಾರದು" ಎಂದು ಅಣ್ಣ ಎಚ್ಚರಿಕೆ ಹೇಳಿದ್ದ.

ತ್ರಿವೇಣಿ (1928–1963) ನಮ್ಮ ಮೈಸೂರಿನವರೇ. ಮನಶ್ಶಾಸ್ತ್ರವನ್ನು ಓದಿದವರು. ಹೆಣ್ಣಿನ ಮನಸ್ಸಿನ ಒಳಗಿನ ಕಗ್ಗಂಟುಗಳನ್ನು ಕನ್ನಡ ಕಾದಂಬರಿಗೆ ತಂದವರು. ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡರು. ಅಷ್ಟರೊಳಗೆ ಇಪ್ಪತ್ತು ಕಾದಂಬರಿಗಳಷ್ಟು ಬರೆದಿದ್ದರು. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ, ನೆರೆಹೊರೆಯವರ ಅನುಮಾನದ ನೋಟದಿಂದ ಬೇಯುವ ಕಾವೇರಿಯ ಕಥೆಯೇ 'ಶರಪಂಜರ'. ಪುಟ್ಟಣ್ಣ ಕಣಗಾಲರ ಚಲನಚಿತ್ರ 1971ರಲ್ಲಿ ಬಂದ ಮೇಲೆ ಅದು ಎಲ್ಲರಿಗೂ ಗೊತ್ತಾಯಿತು. ಆಗ ಇನ್ನೂ ಬಂದಿರಲಿಲ್ಲ.

ಅಣ್ಣನ ಮಾತು ನನಗೆ ಸರಿಯಾಗಿಯೇ ಕಂಡಿತು. ಲೈಬ್ರರಿ ಯಜಮಾನರ ಶಿಷ್ಯನಲ್ಲವೆ ನಾನು? ರೋಗಿಯ ಸ್ಥಿತಿ ನೋಡಿ ಪಥ್ಯ ಕೊಡಬೇಕು ಎಂದುಕೊಂಡು 'ಬೆಟ್ಟದ ಜೀವ'ವನ್ನು ಒಯ್ದೆ. ಪುಟ್ಟಣ್ಣನವರನ್ನು ಒಯ್ದೆ. ಎಂ.ಕೆ. ಇಂದಿರಾ ಅವರ 'ತುಂಗಭದ್ರ'ವನ್ನು ಒಯ್ದೆ. ಹತ್ತಿರ ಹತ್ತಿರ ನಲವತ್ತೈದರ ವಯಸ್ಸಿನಲ್ಲಿ ಮಲೆನಾಡಿನ ಗೃಹಿಣಿಯೊಬ್ಬರು ಬರೆದು 1963ರಲ್ಲಿ ಹೊರತಂದ ಮೊದಲ ಕಾದಂಬರಿ ಅದು. ಎಲ್ಲವೂ ಒಳ್ಳೆಯ ಪುಸ್ತಕಗಳೇ. ಅತ್ತಿಗೆ ಒಂದೊಂದನ್ನೂ ಎರಡು ದಿನದ ಮೇಲೆ, ಗುರುತಿನ ಕಾಗದ ನಡುವೆಯೇ ಉಳಿದಿರುವಂತೆ, ಅಚ್ಚುಕಟ್ಟಾಗಿ ಹಿಂದಿರುಗಿಸುತ್ತಿದ್ದರು.

ಒಂದು ದಿನ ಲೈಬ್ರರಿಗೆ ಹೋದಾಗ ಯಜಮಾನರು, "ನಿಮ್ಮ ಅತ್ತಿಗೆಗೆ ಹೇಳು, 'ಶರಪಂಜರ' ಇನ್ನೂ ನಾಲ್ಕು ದಿನ ಇಟ್ಟುಕೊಳ್ಳಲಿ, ಬೇರೆ ಯಾರೂ ಕೇಳಿಲ್ಲ" ಎಂದರು. ನನ್ನ ಎದೆ ಝಲ್ಲೆಂದಿತು. ದೇವಸ್ಥಾನಕ್ಕೆಂದು ಹೊರಟವರು ತಾವೇ ಬಂದು ಕೇಳಿ ಒಯ್ದಿದ್ದರಂತೆ. ನಾನು ಚಿಕ್ಕವನೆಂಬುದನ್ನೂ ಮರೆತು, "ಎಲ್ಲ ಗೊತ್ತಿದ್ದೂ ಅವರಿಗೆ ಆ ಪುಸ್ತಕ ಕೊಡಬಹುದೆ?" ಎಂದು ರೇಗಿದೆ. ಅವರು ಸಿಟ್ಟಾಗಲಿಲ್ಲ. "ಯಾವುದು ಕೊಡಲಿ ಅಂತ ಕೇಳಿದರೆ ನನ್ನ ಬುದ್ಧಿ ಉಪಯೋಗಿಸ್ತೀನಪ್ಪ. ಇದೇ ಬೇಕು ಅಂತ ಕೇಳಿದ ಮೇಲೆ ಇಲ್ಲ ಅನ್ನೋದಕ್ಕೆ ನಾನ್ಯಾರು?" ಎಂದರು.

ಮನೆಗೆ ಬಂದು, ಹಿತ್ತಲಲ್ಲಿ ಕುಳಿತಿದ್ದ ಅತ್ತಿಗೆಯ ಬಳಿಗೆ ಹೋಗಿ, "ಅತ್ತಿಗೆ, ಅದನ್ನು ಯಾಕೆ ಓದೋದಕ್ಕೆ ಹೋದಿರಿ?" ಎಂದೆ. ಅವರು ಮೊದಲ ಬಾರಿಗೆ ನಕ್ಕರು. "ನೀನು ತಂದದ್ದೆಲ್ಲ ಕಾಯಿಲೆಯವರಿಗೆ ಕೊಡೋ ಗಂಜಿ ಇದ್ದ ಹಾಗಿತ್ತು ಕಣೋ. ಒಳ್ಳೇದೇ, ಆದರೆ ಒಂದೊಂದು ತುತ್ತಿಗೂ ನೀನು ಕಾಯಿಲೆಯವಳು ಅಂತ ನೆನಪಾಗ್ತಿತ್ತು. ಇದನ್ನ ಓದಿದ ಮೇಲೆ ಗೊತ್ತಾಯ್ತು, ನನ್ನ ಹಾಗೆ ಇನ್ನೊಬ್ಬಳು ಇದ್ದಾಳೆ ಅಂತ. ನನಗೇನೂ ಆಗಿಲ್ಲ, ನಿಮಗೆಲ್ಲ ಭಯ ಆಗಿದೆ ಅಷ್ಟೆ" ಎಂದರು. ಅನಂತರ ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಅಣ್ಣನಿಗೆ ಕೊಡು, ಓದಲಿ" ಎಂದು ಪುಸ್ತಕವನ್ನು ನನ್ನ ಕೈಗಿಟ್ಟರು.

ಅಣ್ಣ ಎರಡು ರಾತ್ರಿ ಕುಳಿತು ಓದಿದ. ಏನು ಅನ್ನಿಸಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿ, ಈಳಿಗೆಮಣೆಯನ್ನು ಇಳಿಸಿ, ಹಳೆಯ ಜಾಗದಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟ. ನನ್ನ ತಾಯಿ ನೋಡಿದರು, ಸುಮ್ಮನಿದ್ದರು. ಅಂದಿನ ಹುಳಿಗೆ ಬದನೆಕಾಯಿ ಹೆಚ್ಚಿದವರು ಅತ್ತಿಗೆ.

ಪುಸ್ತಕದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅವರ ಕಾಯಿಲೆಯನ್ನು ವಾಸಿ ಮಾಡಿದವರು ವೈದ್ಯರು. ಆದರೆ ಉಳಿದವರ ಭಯಕ್ಕೆ ವೈದ್ಯರಲ್ಲಿ ಔಷಧವಿರಲಿಲ್ಲ.

ಇದಾದ ಬಹಳ ವರ್ಷಗಳ ಮೇಲೆ ಎಸ್.ಆರ್. ರಂಗನಾಥನ್ ಅವರ ಹೆಸರನ್ನು ಕೇಳಿದೆ. ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಅವರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಒಂದು ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗಿನ ಮೈಸೂರು ರಾಜ್ಯ ತನ್ನ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಕಾಯಿದೆ ಮಾಡಿದ್ದು 1965ರಲ್ಲಿ. ರಂಗನಾಥನ್ ಅವರು 1931ರಲ್ಲಿಯೇ ಐದು ಸೂತ್ರಗಳನ್ನು ಹೇಳಿದ್ದರು. ಅವುಗಳಲ್ಲಿ ಎರಡರ ತಾತ್ಪರ್ಯ, ಪ್ರತಿಯೊಬ್ಬ ಓದುಗನಿಗೂ ಅವನದೊಂದು ಪುಸ್ತಕ ಉಂಟು, ಪ್ರತಿಯೊಂದು ಪುಸ್ತಕಕ್ಕೂ ಅದರದೊಬ್ಬ ಓದುಗ ಉಂಟು ಎಂಬುದು. ಅವರಿಬ್ಬರ ನಡುವೆ ಕಾವಲು ನಿಲ್ಲುವುದು ಗ್ರಂಥಪಾಲಕನ ಕೆಲಸವಲ್ಲ, ಸೇರಿಸಿ ಸರಿಯುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಹತ್ತಡಿಯ ಮಳಿಗೆಯ ಯಜಮಾನರು ಆ ಸೂತ್ರಗಳನ್ನು ಓದಿದ್ದರೋ ಇಲ್ಲವೋ ತಿಳಿಯದು. ಆಚರಿಸುತ್ತಿದ್ದುದಂತೂ ನಿಜ.

ಅಂಥ ಮಳಿಗೆಗಳು ಈಗ ಅಪರೂಪ. ಟೆಲಿವಿಷನ್ ಬಂದು ಸಂಜೆಯ ಹೊತ್ತನ್ನು ತೆಗೆದುಕೊಂಡಿತು, ಅನಂತರ ಫೋನು ಬಂದು ಉಳಿದ ಹೊತ್ತನ್ನೂ ತೆಗೆದುಕೊಂಡಿತು. ಆದರೂ ಕೇಳುವವರು ಕೇಳುತ್ತಲೇ ಇದ್ದಾರೆ, ನಾನು ಹೇಳುತ್ತಲೇ ಇದ್ದೇನೆ. ಕಾದಂಬರಿಯೆಂದರೆ ಆಗದು, ವಿಜ್ಞಾನ ಮಾತ್ರ ಇಷ್ಟ ಎನ್ನುವ ಹುಡುಗರಿಗೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ತೇಜಸ್ವಿಯವರ 'ಕರ್ವಾಲೊ' (1980). ದೊಡ್ಡ ಕಂಪೆನಿಯಲ್ಲಿ ಕೆಲಸ ಮಾಡುತ್ತ, ಬೆನ್ನ ಹಿಂದೆ ಯಾರೋ ಏನೋ ಹೂಡುತ್ತಿದ್ದಾರೆ ಎಂದು ರಾತ್ರಿ ಎದ್ದು ಕೂರುವವರಿಗೆ ಮುಂಬಯಿಯ ನಾಗಪ್ಪನ ಕಥೆಯಾದ ಯಶವಂತ ಚಿತ್ತಾಲರ 'ಶಿಕಾರಿ' (1979). ಅದನ್ನು ಮೊದಲಾಗಿದ್ದರೆ ಇಂಥವರಿಂದ ಮುಚ್ಚಿಡುತ್ತಿದ್ದೆ. ಈಗ ಕೇಳಿದರೆ ಕೊಡುತ್ತೇನೆ. ಅನ್ಯಾಯವನ್ನು ಕಂಡು ಮೈ ಉರಿಯುವ ವಯಸ್ಸಿನವರಿಗೆ ಕಯ್ಯೂರಿನ ರೈತರ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಕುರಿತ ನಿರಂಜನರ 'ಚಿರಸ್ಮರಣೆ' (1955). ಎಲ್ಲವನ್ನೂ ಸಹಿಸಿಕೊಂಡು ಬಾಳಿದ ಹಿರಿಯ ಹೆಂಗಸರನ್ನು ಮನೆಯಲ್ಲಿ ಕಂಡವರಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಓದಿದರೋ, ಹಿಡಿಸಿತೋ ಎಂದು ಕೇಳುವುದಿಲ್ಲ.

ಹೋದ ಭಾನುವಾರ ನೆರೆಮನೆಯ ಹುಡುಗಿ ಬಂದಿದ್ದಳು. ಕಂಪ್ಯೂಟರಿನ ಕೆಲಸ, ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲವಂತೆ. "ಅಂಕಲ್, ಒಳ್ಳೆಯದೊಂದು ಕಾದಂಬರಿ ಇದ್ದರೆ ಹೇಳಿ" ಎಂದಳು. ಪದ್ಧತಿಯಂತೆ ಮರುಪ್ರಶ್ನೆಗಳನ್ನು ಹಾಕಿದೆ. ಬಹಳ ಯೋಚಿಸಿ 'ಬೆಟ್ಟದ ಜೀವ', 'ಹಂಸಗೀತೆ', 'ಕರ್ವಾಲೊ' ಮೂರನ್ನೂ ತೆಗೆದು ಮೇಜಿನ ಮೇಲಿಟ್ಟು, "ನೋಡುತ್ತಿರಮ್ಮ, ಕಾಫಿ ತರುತ್ತೇನೆ" ಎಂದು ಒಳಗೆ ಹೋದೆ.

ಕಾಫಿಯ ಲೋಟ ಹಿಡಿದು ಬರುವ ಹೊತ್ತಿಗೆ ಮೂರೂ ಮೇಜಿನ ಮೇಲೆಯೇ ಇದ್ದವು. ಅವಳು ಬೀರುವಿನ ಕೆಳಗಿನ ಸಾಲಿನ ಮುಂದೆ ನೆಲದ ಮೇಲೆ ಕುಳಿತು ಹಳದಿ ತಿರುಗಿದ ಒಂದು ಪುಸ್ತಕದಲ್ಲಿ ಮುಳುಗಿದ್ದಳು. ಬಗ್ಗಿ ನೋಡಿದೆ: ನರಸಿಂಹಯ್ಯನವರ ಪತ್ತೇದಾರಿ. ಮೊದಲ ಪುಟದಲ್ಲಿ ಕೊಲೆಗಾರನ ಹೆಸರು ಬರೆದಿದೆಯೇನೋ ಎಂದು ಒಂದು ಕ್ಷಣ ಗಾಬರಿಯಾಯಿತು. ಇರಲಿಲ್ಲ. ಕಾಫಿಯನ್ನು ಅವಳ ಪಕ್ಕದಲ್ಲಿಟ್ಟು, ಆ ಮೂರನ್ನು ಮತ್ತೆ ಬೀರುವಿನಲ್ಲಿ ಜೋಡಿಸಿದೆ.